ನಮ್ಮ ಯಂತ್ರಕ್ಕೆ ಒಡೆಯ ಯಾರು?

ರಾತ್ರೋರಾತ್ರಿ ಯಾರೋ ನಿಮ್ಮ ಮನೆಗೆ ನುಗ್ಗಿ, ಸಾಮಾನೆಲ್ಲ ಜಾಗ ಬದಲಿಸಿ, 'ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು' ಎಂದು ಚೀಟಿ ಅಂಟಿಸಿ ಹೋದರೆ ಸುಮ್ಮನಿರುತ್ತೀರಾ? ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಸುಮ್ಮನಿದ್ದೇವೆ!

ಸೋಮವಾರಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮೇ ತಿಂಗಳ ಗುಡುಗು ಮಳೆಯ ಒಂದು ರಾತ್ರಿ ಲಗ್ನಪತ್ರಿಕೆಯ ಪುಟ ಕಟ್ಟುತ್ತಿದ್ದೆ. ಫೋನಿನ ನೆಟ್ ಸೇರಿಸಿದ್ದೇ ತಡ, ಯಂತ್ರ ತಾನಾಗಿ ಅಪ್‌ಡೇಟ್ ಶುರುಮಾಡಿತು. ಬೆಳಿಗ್ಗೆ ನೋಡಿದರೆ ಹಳೆಯ ಫಾಂಟಿನ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮದುಮಗಳ ಹೆಸರೇ ಓದಲು ಬರುತ್ತಿರಲಿಲ್ಲ. ಬಾಗಿಲಲ್ಲಿ ಗಿರಾಕಿ ನಿಂತಿದ್ದ. ಅಪ್ಪಣೆ ಕೊಟ್ಟವನು ನಾನಲ್ಲ, ಬೈಸಿಕೊಂಡವನು ಮಾತ್ರ ನಾನು.

ಹಾಗಾದರೆ ಅಪ್‌ಡೇಟೇ ಬೇಡವೇ? ಬೇಕು. ಗೋಡೆಯ ಕನ್ನ ಮುಚ್ಚದಿದ್ದರೆ ಕಳ್ಳ ನುಗ್ಗುತ್ತಾನೆ. ಪ್ರಶ್ನೆ ಒಂದೇ: ಕೀಲಿಕೈ ಯಾರ ಕೈಯಲ್ಲಿರಬೇಕು?

ಈಗ ಒಂದು ಯಂತ್ರಕ್ಕೆ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. 1993ರಲ್ಲಿ ಹುಟ್ಟಿದ್ದು, ಸ್ವಯಂಸೇವಕರು ನಡೆಸುವಂಥದ್ದು. ಇಲ್ಲಿ ತಂತ್ರಾಂಶ ಬರೆದವನು ನೇರವಾಗಿ ನಿಮ್ಮ ಮನೆಗೆ ನುಗ್ಗುವಂತಿಲ್ಲ. ಪ್ರತಿ ಪ್ಯಾಕೇಜನ್ನೂ ನೋಡಿಕೊಳ್ಳುವವರು ಇರುತ್ತಾರೆ. ಹೊಸದು ಮೊದಲು 'ಅನ್‌ಸ್ಟೇಬಲ್'ಗೆ, ಆಮೇಲೆ 'ಟೆಸ್ಟಿಂಗ್'ಗೆ, ಸುಮಾರು ಎರಡು ವರ್ಷಕ್ಕೊಮ್ಮೆ 'ಸ್ಟೇಬಲ್'ಗೆ. ನಡುವೆ ಹೆಚ್ಚಾಗಿ ಭದ್ರತೆಯ ತೇಪೆ ಮಾತ್ರ. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ ಇದು ಕರಡು ತಿದ್ದುವ ಕೆಲಸ. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣದು, ಎರಡನೆಯ ಕಣ್ಣು ಬೇಕು. 'ಆಪ್ಟ್' ಎಂಬ ಸಾಧನ ಪಟ್ಟಿ ತೋರಿಸಿ, 'ಹಾಕಲೇ?' ಎಂದು ಕೇಳುತ್ತದೆ. ಬೇಡದ್ದನ್ನು 'ಹೋಲ್ಡ್' ಎಂದು ನಿಲ್ಲಿಸಬಹುದು.

2024ರ ಎರಡು ಘಟನೆ ನೋಡಿ. ಮಾರ್ಚಿನಲ್ಲಿ 'ಎಕ್ಸ್‌ಝಡ್' ತಂತ್ರಾಂಶದೊಳಗೆ ಯಾರೋ ಗುಟ್ಟಾಗಿ ಹಿಂಬಾಗಿಲು ಇಟ್ಟಿದ್ದರು. ಡೆಬಿಯನ್ನಿನ ಟೆಸ್ಟಿಂಗ್‌ವರೆಗೂ ಅದು ಬಂದಿತ್ತು. ಸ್ಟೇಬಲ್ ಮುಟ್ಟುವ ಮೊದಲೇ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಹಿಡಿದುಹಾಕಿದ. ಜುಲೈ 19ರಂದು ಕ್ರೌಡ್‌ಸ್ಟ್ರೈಕಿನ ಒಂದು ತಪ್ಪು ಅಪ್‌ಡೇಟ್ ತಾನಾಗಿ ಹರಿದು, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರ ಮಲಗಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಪರದಾಡಿದರು. ತಡೆದು ನೋಡುವುದಕ್ಕೂ ನೋಡದೆ ನುಂಗುವುದಕ್ಕೂ ಇರುವ ವ್ಯತ್ಯಾಸ ಇದು!

ಲಿನಕ್ಸ್ ಎಂದಾಕ್ಷಣ ಕಣ್ಣು ಮುಚ್ಚಬೇಡಿ. ಉಬುಂಟುವಿನ 'ಸ್ನ್ಯಾಪ್' ಕೂಡ ತಾನಾಗಿಯೇ ಬದಲಾಗುತ್ತದೆ. ಅದನ್ನು ಗಡುವಿಲ್ಲದೆ ತಡೆಹಿಡಿಯುವ ಅವಕಾಶ ಬಂದದ್ದು 2022ರಲ್ಲಿ.

ಇನ್ನು ನಮ್ಮ ನುಡಿಯ ಮಾತು. ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಡೆಬಿಯನ್ನಿನಲ್ಲಿ ಪ್ಯಾಕೇಜುಗಳಾಗಿಯೇ ಇವೆ. ಆದರೆ ಆ ಹೆಬ್ಬಾಗಿಲಲ್ಲಿ ಕನ್ನಡಿಗನೇ ನಿಲ್ಲದಿದ್ದರೆ, ಒತ್ತಕ್ಷರ ಮುರಿದಿದೆ ಎಂದು ಕೂಗುವವರು ಯಾರು? ಒತ್ತಕ್ಷರವೆಂದರೇನೆಂದು ತಿಳಿಯದವನೇ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರೇ, ಭಾನುವಾರದ ಒಂದು ಗಂಟೆ ಕೊಡಿ. ಟೆಸ್ಟಿಂಗ್ ಹಾಕಿ ಕನ್ನಡ ಬರೆದು ನೋಡಿ. ಮುರಿದದ್ದನ್ನು ವರದಿ ಮಾಡಿ. ಒಂದು ಪ್ಯಾಕೇಜಿನ ಹೊಣೆ ಹೊರಿ. ಪಿಯುಸಿ ಓದಿದ ನಾನು ಅಚ್ಚು ಹಾಕಬಲ್ಲೆ. ಬಾಗಿಲು ಕಾಯುವ ವಿದ್ಯೆ ನಿಮ್ಮಲ್ಲಿದೆ.