ಶಿಫ್ಟ್ ಕೀಲಿ ಐದು ಸಲ



ನಿಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಎಂಟು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು. ಈ ಸಲ ಆ ಯಂತ್ರದ ಬಗ್ಗೆಯೇ ನಾಲ್ಕು ಮಾತು. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿ ನೋಡಿ. ವಿಂಡೋಸ್ ಇದ್ದರೆ 'ಸ್ಟಿಕಿ ಕೀಸ್' ಬೇಕೇ ಎಂದು ಕೇಳುತ್ತದೆ. ಇದೇನು ಪೀಡೆ ಎಂದು ನಾವೆಲ್ಲ ಮುಚ್ಚಿಬಿಡುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿನ ಲೆಕ್ಕಪತ್ರ ವಿಭಾಗದ ಗೆಳೆಯರೊಬ್ಬರಿಗೆ ರಸ್ತೆ ಅಪಘಾತದಲ್ಲಿ ಕುತ್ತಿಗೆಗೆ ಪೆಟ್ಟಾಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮರಳಿದಾಗ ಗಾಲಿಕುರ್ಚಿಯಲ್ಲಿದ್ದರು. ಬೆರಳುಗಳು ಆಡುತ್ತಿರಲಿಲ್ಲ. ಬಲಗೈಗೆ ಪಟ್ಟಿಯಿಂದ ಕಟ್ಟಿದ ಕಡ್ಡಿಯಲ್ಲಿ ಒಂದೊಂದೇ ಕೀಲಿ ಒತ್ತಬಲ್ಲವರಾಗಿದ್ದರು. "ಪಾಪ, ಮನೆಯಲ್ಲೇ ಆರಾಮಾಗಿರಲಿ" ಎಂದರು ಮೇಲಿನವರು. ಗೆಳೆಯರು ಹೇಳಿದ್ದು ಇಷ್ಟೇ: "ಲೆಕ್ಕ ಮಾಡೋದು ತಲೆ ಸಾರ್, ಕೈಯಲ್ಲ."

ಏನು ಮಾಡಿದೆವು? ಗಾಲಿಕುರ್ಚಿ ಒಳಗೆ ಹೋಗುವಂತೆ ಮೇಜಿನ ಕಾಲುಗಳ ಕೆಳಗೆ ಮರದ ತುಂಡು ಇಟ್ಟೆವು. ಎರಡು ಕೀಲಿ ಒಟ್ಟಿಗೆ ಒತ್ತಲಾಗದವರಿಗೆ ಒಂದಾದ ಮೇಲೊಂದು ಒತ್ತಲು ಬಿಡುವುದೇ ಆ ಸ್ಟಿಕಿ ಕೀಸ್. 'ಮೌಸ್ ಕೀಸ್' ಹಾಕಿದರೆ ಅಂಕಿಗಳ ಕೀಲಿಗಳಿಂದಲೇ ಬಾಣದ ಗುರುತನ್ನು ಓಡಿಸಬಹುದು. 'ಫಿಲ್ಟರ್ ಕೀಸ್' ಕೈ ನಡುಗಿ ತಪ್ಪಿ ಬಿದ್ದ ಒತ್ತುಗಳನ್ನು ಬಿಟ್ಟುಬಿಡುತ್ತದೆ. ಇವೆಲ್ಲ ಕಂಪ್ಯೂಟರಿನಲ್ಲಿ ಮೊದಲೇ ಇದ್ದವು. ಖರ್ಚಾದದ್ದು ಮರದ ತುಂಡಿಗೆ ಮಾತ್ರ!

ಕೈ ಪೂರ್ತಿ ಆಡದಿದ್ದರೆ? ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ನೆನೆಯಿರಿ. 2001ರ ಜನವರಿಯಲ್ಲಿ ಭೌತವಿಜ್ಞಾನ ಸಮ್ಮೇಳನಕ್ಕೆ ಮುಂಬಯಿಗೂ ಬಂದಿದ್ದರು. ಪರದೆಯ ಮೇಲೆ ಅಕ್ಷರಗಳು ಸರದಿಯಂತೆ ಬೆಳಗುತ್ತವೆ, ಬೇಕಾದದ್ದು ಬಂದಾಗ ಒಂದು ಗುಂಡಿ ಒತ್ತಿದರೆ ಸಾಕು. ಕೈಯೂ ಸೋತ ಮೇಲೆ ಅವರು ಕೆನ್ನೆಯ ಸಣ್ಣ ಚಲನೆಯಿಂದಲೇ, 2018ರಲ್ಲಿ ತೀರಿಕೊಳ್ಳುವವರೆಗೂ, ಕೆಲಸ ನಡೆಸಿದರು. ಅವರಿಗಾಗಿ ಇಂಟೆಲ್ ರೂಪಿಸಿದ ತಂತ್ರಾಂಶವನ್ನು 2015ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಡಲಾಯಿತು. ಇಂದು ಕಣ್ಣಿನ ನೋಟದಿಂದ, ತಲೆಯ ಚಲನೆಯಿಂದ, ಮಾತಿನಿಂದ ನಡೆಸುವ ಸಾಧನಗಳೂ ಇವೆ. 2017ರಿಂದ ಗೂಗಲ್ ಕನ್ನಡದ ಮಾತನ್ನೂ ಕೇಳಿ ಬರೆದುಕೊಳ್ಳುತ್ತದೆ. "ಕನ್ನಡ ಬರೆಯೋಕೆ ಬರೊಲ್ಲ" ಎನ್ನುವ ನಿಮಗೂ ಇನ್ನು ನೆಪ ಉಳಿಯಲಿಲ್ಲ!

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸರಕಾರಿ ಕಚೇರಿಗಳು ಇಂಥ ಅನುಕೂಲ ಮಾಡಿಕೊಡಲೇಬೇಕು. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ನಿಮ್ಮ ಕಂಪನಿಯದು ಎಲ್ಲಿದೆ? ನಾಳೆಯೇ ಕೇಳಿ.

ಒಂದು ಎಚ್ಚರಿಕೆ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದದು. ಸಾಮಾನು ತರುವ ಮುಂಚೆ "ನಿಮಗೆ ಏನು ಬೇಕು?" ಎಂದು ಅವರನ್ನೇ ಕೇಳಿ.

ತಂತ್ರಾಂಶ ಬರೆಯುವವರು ಇನ್ನೊಂದು ಮಾಡಿ: ಹತ್ತು ನಿಮಿಷ ಮೌಸನ್ನು ಬದಿಗಿಟ್ಟು, ನೀವೇ ಬರೆದ ಪ್ರೋಗ್ರಾಮನ್ನು ಕೀಬೋರ್ಡಿನಿಂದಷ್ಟೇ ನಡೆಸಿ ನೋಡಿ. ಎಲ್ಲಿ ನೀವು ಸಿಕ್ಕಿಬೀಳುತ್ತೀರೋ ಅಲ್ಲೇ ಒಬ್ಬರ ನೌಕರಿ ನಿಂತುಹೋಗಬಹುದು.

ನಮ್ಮ ಗೆಳೆಯರು? ಪ್ರತಿ ತಿಂಗಳು ನನ್ನ ಪ್ರಯಾಣಭತ್ಯೆಯ ಬಿಲ್ಲಿನಲ್ಲಿ ತಪ್ಪು ಹುಡುಕುತ್ತಲೇ ಇದ್ದಾರೆ. ಬರಲೇ? ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.