ಅಲ್ಪ ವೆಚ್ಚದಲ್ಲಿ ತೊಗಲಿನ ಕೆಲಸ

ಕಪಿಲೆಗಳು ನಿಂತ ಮೇಲೆ ನೀರೆತ್ತುವ ತೊಗಲಿನ ಚೀಲ ಹೋಯಿತು. ನೈಲಾನ್ ಹಗ್ಗ ಬಂದ ಮೇಲೆ ಮಿಣಿಯೂ ಹೋಯಿತು. ಆದಕಾರಣ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಒಕ್ಕಲಿಗರ ಮನೆಗಳಲ್ಲಿ ಈ ಕೆಲಸದ ಪರಿಚಯವೇ ಅಳಿಯುತ್ತಲಿದೆ. ಬೇಸಿಗೆಯ ಬಿಡುವಿನಲ್ಲಿ ಇದನ್ನು ಹವ್ಯಾಸವಾಗಿ ಕಲಿಯಬಯಸುವ ತರುಣರನ್ನು ಹಿರಿಯರು ಕೀಳು ಕೆಲಸವೆಂದು ತಡೆಯುವದು ಸರಿಯಲ್ಲ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಲ್ಲಿ ಬಾಗಲಕೋಟೆ ಜಿಲ್ಲೆಯೂ ಸೇರಿದೆಯೆಂಬುದನ್ನು ಗೌಡರು ಅರಿತಿರಬೇಕು.

ಆರಂಭಕ್ಕೆ ರಂಪಿ, ಉಳಿ, ಎರಡು ಸೂಜಿ, ಮೇಣ ಹಚ್ಚಿದ ದಾರ, ಕಟ್ಟಿಗೆಯ ಕೊಡತಿ ಇಷ್ಟೇ ಸಾಕು. ಯಂತ್ರ ಬೇಡ. ಇಡೀ ತೊಗಲನ್ನು ಕೊಳ್ಳದೆ, ಚಪ್ಪಲಿ ಹೊಲಿಯುವವರಲ್ಲಿ ಉಳಿದ ತುಂಡುಗಳನ್ನು ತಕ್ಕ ಬೆಲೆ ಕೊಟ್ಟು ತರತಕ್ಕದ್ದು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ್ದೇ ಲೇಸು. ತೊಯಿಸಿದರೆ ಅದು ಕೊಟ್ಟ ಆಕಾರವನ್ನು ಹಿಡಿಯುವದು. ಕ್ರೋಮಿನಿಂದ ಹದಗೊಂಡದ್ದು ಹಾಗೆ ಹಿಡಿಯದು. ಒಂದೇ ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಪ್ರತಿಯೊಂದು ತೂತಿನಲ್ಲಿ ಎರಡನ್ನೂ ಎದುರುಬದುರಾಗಿ ಹಾಯಿಸಿದರೆ, ಒಂದು ಹೊಲಿಗೆ ಹರಿದರೂ ಮಿಕ್ಕವು ಸುಲಭವಾಗಿ ಬಿಚ್ಚಲಾರವು. ಮೊದಲು ಕುಡುಗೋಲಿನ ಒರೆ, ಎತ್ತಿನ ಕೊರಳಪಟ್ಟಿ; ಚಪ್ಪಲಿಯ ಆಸೆ ಆಮೇಲೆ. ತೊಯ್ದ ತೊಗಲನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ, ತುಸು ಔಡಲೆಣ್ಣೆ ತಿಕ್ಕಬೇಕು.

ಪುಸ್ತಕಕ್ಕಿಂತ ಊರ ಸಮಗಾರರೇ ಉತ್ತಮ ಗುರುಗಳು. ಆದರೆ ಹಿಂದಿನ ಆಯದ ಕಾಳಿನ ಲೆಕ್ಕ ಹಿಡಿದು, ಪುಕ್ಕಟೆ ಕಲಿಸಿರೆಂದು ಕೇಳಲಾಗದು. ಕಲಿಸಿದ ದಿನಕ್ಕೆ ಪೂರ್ಣ ಕೂಲಿಯನ್ನು ಕೈಯಲ್ಲಿ ಕೊಟ್ಟು, ಅವರನ್ನು ಅಂಗಳದಲ್ಲಿ ನಿಲ್ಲಿಸದೆ ಕಟ್ಟೆಯ ಮೇಲೆ ಸಮನಾಗಿ ಕೂಡ್ರಿಸಿಕೊಂಡು ಕಲಿಯತಕ್ಕದ್ದು.