ಖಿನ್ನತೆ ತಡೆಗೆ ನಿದ್ದೆ, ಸಕ್ಕರೆ, ಪಿಂಚಣಿ

ಪ್ರತಿ ಅಕ್ಟೋಬರ್ 10ಕ್ಕೆ ಮಾನಸಿಕ ಆರೋಗ್ಯ ದಿನದ ಜಾಥಾ ಹೊರಡುತ್ತದೆ. ವೇದಿಕೆಯಲ್ಲಿ ಅತಿಥಿಗಳು ‘ಸಕಾರಾತ್ಮಕವಾಗಿ ಯೋಚಿಸಿ’ ಎನ್ನುತ್ತಾರೆ. ಖಿನ್ನತೆ ಬಾರದಂತೆ ತಡೆಯುವ ನಮ್ಮ ಕೆಲಸ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ.

ಪಕ್ಕದ ಗೋವಾದಲ್ಲಿ ಇದನ್ನು ಬೇರೆ ರೀತಿ ಮಾಡಿ ನೋಡಿದ್ದಾರೆ. ಗೋವಾ ವೈದ್ಯಕೀಯ ಕಾಲೇಜಿನ ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು ಅರವತ್ತು ತುಂಬಿದ 181 ಮಂದಿಯನ್ನು ಆರಿಸಿಕೊಂಡರು. ಇವರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು, ಆದರೆ ಅದಿನ್ನೂ ಕಾಯಿಲೆಯಾಗಿ ಬಲಿತಿರಲಿಲ್ಲ. ಅರ್ಧ ಮಂದಿಗೆ ಮಾಮೂಲಿ ಆರೈಕೆ ಸಿಕ್ಕಿತು. ಉಳಿದವರ ಜತೆ ಕೂತವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು. ಕಾಡುತ್ತಿರುವ ತೊಂದರೆಗಳಿಗೆ ಒಂದೊಂದಾಗಿ ದಾರಿ ಹುಡುಕುವುದು, ಕೆಟ್ಟ ನಿದ್ದೆಯನ್ನು ಹದಕ್ಕೆ ತರುವುದು, ಸಕ್ಕರೆ ಕಾಯಿಲೆಯಂಥವನ್ನು ನಿಭಾಯಿಸಲು ಕಲಿಸುವುದು, ಸರ್ಕಾರಿ ಸವಲತ್ತು ಕೊಡಿಸಲು ನೆರವಾಗುವುದು, ಇಷ್ಟೇ ಅವರ ಚಿಕಿತ್ಸೆ. ವರ್ಷ ಕಳೆಯುವಷ್ಟರಲ್ಲಿ ಮಾಮೂಲಿ ಆರೈಕೆಯ 90 ಮಂದಿಯಲ್ಲಿ 13 ಜನ ತೀವ್ರ ಖಿನ್ನತೆಗೆ ಜಾರಿದ್ದರು. ಸಮಾಲೋಚನೆ ಸಿಕ್ಕ 91 ಮಂದಿಯಲ್ಲಿ ನಾಲ್ವರು ಮಾತ್ರ. 2019ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ನಿಜ. ಆದರೂ ವಿಧವಾ ವೇತನದ ಅರ್ಜಿ ತುಂಬಿಸಿಕೊಡುವುದೂ ಮನಸ್ಸಿನ ಆರೈಕೆಯ ಭಾಗವಾಗಬಲ್ಲದು ಎಂಬ ಅದರ ತಿಳಿವಳಿಕೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಮ್ಮ ಆಸ್ಪತ್ರೆಗಳಲ್ಲಿ ‘ರಾತ್ರಿ ನಿದ್ದೆ ಇಲ್ಲ, ಮೈಕೈ ನೋವು’ ಎನ್ನುವ ಅಜ್ಜಿ ನೋವಿನ ಮಾತ್ರೆ ಹಿಡಿದು ಮನೆಗೆ ಹೋಗುತ್ತಾಳೆ.

ಒಮ್ಮೆ ಗುಣವಾದವರ ಕಥೆ ಬೇರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಖಿನ್ನತೆ ಮರುಕಳಿಸುತ್ತದೆ. ಪ್ರತಿ ಸಲ ಬಂದು ಹೋದಾಗಲೂ ಮುಂದಿನದರ ಸಾಧ್ಯತೆ ಏರುತ್ತದೆ. ‘ಹುಷಾರಾಗಿದ್ದೀಯಲ್ಲ, ಇನ್ನೂ ಯಾಕೆ ಮಾತ್ರೆ?’ ಎಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಯಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ದೀರ್ಘಕಾಲ ಮಾತ್ರೆ ತೆಗೆದುಕೊಂಡು ಚೇತರಿಸಿಕೊಂಡಿದ್ದವರ ಮೇಲೆ ಬ್ರಿಟನ್‌ನಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2021ರಲ್ಲಿ ಬಂತು: ಮಾತ್ರೆ ನಿಲ್ಲಿಸಿದವರಲ್ಲಿ ಶೇ 56ರಷ್ಟು, ಮುಂದುವರಿಸಿದವರಲ್ಲಿ ಶೇ 39ರಷ್ಟು ಮಂದಿ ವರ್ಷದೊಳಗೆ ಮತ್ತೆ ಖಿನ್ನತೆಗೆ ಒಳಗಾದರು. ಹಾಗೆಂದು ಎಲ್ಲರೂ ಜೀವನಪರ್ಯಂತ ನುಂಗಬೇಕೆಂದಲ್ಲ. ಬಿಡುವುದಾದರೆ ವೈದ್ಯರ ನಿಗಾದಲ್ಲಿ, ನಿಧಾನಕ್ಕೆ ಬಿಡಬೇಕು. ಹಿಂದಿನ ಸಲ ಮೊದಲು ಕೆಟ್ಟಿದ್ದು ನಿದ್ದೆಯೋ, ಹಸಿವೋ, ಜನರ ಜತೆಗಿನ ಬಳಕೆಯೋ ಎಂಬುದು ಮನೆಯವರಿಗೂ ಗೊತ್ತಿರಬೇಕು.

ರೋಗಿಗಳಿಗೇ ಚಿಕಿತ್ಸೆ ಸಿಗದಿರುವಾಗ ತಡೆಯ ಮಾತೇಕೆ ಎಂಬ ಆಕ್ಷೇಪ ಇದ್ದೇ ಇದೆ. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇರುವ ನೂರರಲ್ಲಿ ಸುಮಾರು 85 ಮಂದಿ ಚಿಕಿತ್ಸೆಯ ಆಚೆಗಿದ್ದಾರೆ. ನನ್ನ ಪ್ರಕಾರ ತಡೆ ಬೇಕಿರುವುದು ಇದೇ ಕಾರಣಕ್ಕೆ. ಇಷ್ಟು ಮಂದಿಗೆ ಸಾಲುವಷ್ಟು ಮನೋವೈದ್ಯರು ಬೇಗನೆ ತಯಾರಾಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಮನೋರೋಗ ಚಿಕಿತ್ಸೆ ಸಾಧ್ಯವೆಂದು ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಕ್ಲಿನಿಕ್ಕೂ ಒಳ್ಳೆಯದೇ, ಆದರೆ ಅದು ಕಾಯಿಲೆ ಬಿದ್ದವರು ಬರಲಿ ಎಂದು ಕಾಯುತ್ತದೆ.

ಬಿಪಿ, ಶುಗರ್ ಮಾತ್ರೆಗೆಂದು ತಿಂಗಳು ತಿಂಗಳು ಬರುವವರನ್ನೇ ‘ಎರಡು ವಾರದಿಂದ ಮನಸ್ಸಿಗೆ ಬೇಜಾರಿದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲವೇ’ ಎಂದು ಕೇಳಬಹುದು. ಹೌದೆಂದವರ ಜತೆ ಆರೆಂಟು ಸಲ ಕೂರಲು ಪ್ರತಿ ಕೇಂದ್ರದಲ್ಲೂ ಒಬ್ಬರು ಬೇಕು. ಈಗಾಗಲೇ ಹತ್ತಾರು ರಿಜಿಸ್ಟರ್ ಹೊತ್ತಿರುವ ಆಶಾ ಕಾರ್ಯಕರ್ತೆಯ ತಲೆಗೆ ಇದನ್ನೂ ಕಟ್ಟಬಾರದು. ಸಂಬಳ ಕೊಟ್ಟು ಬೇರೆಯವರನ್ನೇ ನೇಮಿಸಬೇಕು.